ಚಕ್ಕೆಯ ಮರದ ಹೂವು

ಬಳ್ಳಾರಿಯ ಸೀಮೆಯಲ್ಲಿ ದಾಲ್ಚಿನ್ನಿಯ ಕಾಡುಮರವನ್ನು ಹುಡುಕಹೊರಟವನು ಬರಿಗೈಯಲ್ಲಿ ಮನೆಗೆ ಬರಬೇಕಾದೀತು. ವರ್ಷದ ಮಳೆ 20 ಅಂಗುಲದ ಆಸುಪಾಸಿನಲ್ಲಿಯೇ ನಿಂತುಹೋಗುವ ಎರೆಯ ಬಯಲು, ಬಿಸಿಲಿಗೆ ಕಾದ ಬೋಳು ಬಂಡೆಗಳ ಗುಡ್ಡ, ಜಾಲಿ, ಕಾರೆ, ಕಳ್ಳಿ, ಇವು ಈ ನೆಲದ ಸ್ವತ್ತು. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರು ಹರಿದು ಗದ್ದೆಗಳು ಹಸುರಾಗಿರುವುದು ನಿಜ; ಆದರೆ ಅದು ಬತ್ತದ ಹಸುರೇ ಹೊರತು ಮಲೆನಾಡಿನ ಹಸುರಲ್ಲ. ಹೀಗಿದ್ದರೂ ದಾಲ್ಚಿನ್ನಿಯ ಕುಟುಂಬದ ನಂಟಿಲ್ಲದ ಮನೆ ಈ ಸೀಮೆಯಲ್ಲಿ ಇದ್ದಂತೆ ತೋರುವುದಿಲ್ಲ. ಸಿರುಗುಪ್ಪದ ಅಕ್ಕಿ ಹಬ್ಬದ ದಿನ ಪಲಾವಾಗಬೇಕಾದರೆ ಅದರೊಳಗೊಂದು ಒಣಗಿದ ಎಲೆ ಬೀಳಬೇಕು. ಕುರುಗೋಡಿನ ದೊಡ್ಡ ಬಸವೇಶ್ವರನ ಮುಂದೆ ಭಕ್ತರು ಹಚ್ಚುವ ಊದಿನಕಡ್ಡಿಯ ಹಿಟ್ಟು ಕಡ್ಡಿಗೆ ಅಂಟಿಕೊಳ್ಳಲು ಗುಳಮಾವಿನಂತಹ ಮರಗಳ ಅಂಟುತೊಗಟೆಯ ಪುಡಿ ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿಯೇ ಬೆಳಗುವ ಕರ್ಪೂರವು ಇಂದು ಬಹುಮಟ್ಟಿಗೆ ಪೈನ್ ಮರದ ಟರ್ಪೆಂಟೈನಿನಿಂದ ಕಾರ್ಖಾನೆಗಳಲ್ಲಿ ತಯಾರಾಗುತ್ತದೆಯಾದರೂ, ಅದಕ್ಕೆ ಮುಂಚೆ ಚೀನಾ ಜಪಾನುಗಳ ಕರ್ಪೂರದ ಮರದಿಂದ ಬರುತ್ತಿದ್ದಿತು. ಎಲೆ, ತೊಗಟೆ, ಅಂಟು, ಕರ್ಪೂರ, ಇವೆಲ್ಲ ಒಂದೇ ಕುಟುಂಬದ ಕೊಡುಗೆಗಳು. ಸಸ್ಯಶಾಸ್ತ್ರಜ್ಞರು ಇದಕ್ಕೆ ಲಾರೇಸೀ ಎಂದು ಹೆಸರಿಟ್ಟಿದ್ದಾರೆ. ಗ್ರೀಕರು ಗೆದ್ದವನ ತಲೆಗೆ ಮುಡಿಸುತ್ತಿದ್ದ ಲಾರೆಲ್ ಎಂಬ ಮರದಿಂದ ಬಂದ ಹೆಸರು ಅದು. ನಮಗೆ ದಾಲ್ಚಿನ್ನಿಯ ಕುಟುಂಬವೆಂದರೆ ಸಾಕು.

ಈ ಕುಟುಂಬದಿಂದ ಬಳ್ಳಾರಿಯ ಪೇಟೆಗೆ ಬರುವ ಇನ್ನೊಂದು ವಸ್ತು ಉಂಟು. ಈ ದಿನದ ನಮ್ಮ ಮಾತೆಲ್ಲ ಅದರ ಸುತ್ತಲಿನದು. ಗ್ರಂಧಿಗೆ ಅಂಗಡಿಗೆ ಹೋಗಿ ಮಸಾಲೆಪುಡಿಗೆಂದು ನಾಗಕೇಸರವನ್ನು ಕೇಳಿದರೆ, ಹಲವು ಸಾರಿ ಅಂಗಡಿಯವನು ಕೊಡುವುದು ಮೆಣಸಿನ ಕಾಳಿಗಿಂತ ಚಿಕ್ಕದಾದ, ಸಣ್ಣ ತೊಟ್ಟುಳ್ಳ, ಕಪ್ಪು ಕಂದು ಬಣ್ಣದ ಒಂದು ಕಾಳು. ಬಾಯಿಗೆ ಹಾಕಿಕೊಂಡರೆ ಚಕ್ಕೆಯ ರುಚಿ. ಆದರೆ ವೈದ್ಯಗ್ರಂಥಗಳ ನಾಗಕೇಸರ ಇದಲ್ಲ; ಅದು ನಾಗಸಂಪಿಗೆಯ ಹೂವಿನ ನಡುವಿನ ಹಳದಿಯ ಕೇಸರಗಳು. ಸುರಗಿಯ ಮರದ ಒಣಗಿದ ಮೊಗ್ಗನ್ನು ಕೂಡ ಇದೇ ಹೆಸರಿನಿಂದ ಮಾರುವ ಪೇಟೆಗಳಿವೆ. ಹೀಗೆ ಒಂದು ಹೆಸರಿನ ಹಿಂದೆ ಮೂರು ಮರಗಳು ಅವಿತುಕೊಂಡಿವೆ. ನಾಗಸಂಪಿಗೆಯದು ಕೇಸರ, ಸುರಗಿಯದು ಮೊಗ್ಗು, ಇವೆರಡರಲ್ಲಿಯೂ ಸಂಶಯವಿಲ್ಲ. ಮೂರನೆಯದಾದ ಈ ಕಪ್ಪು ಕಾಳು ಏನು? ವ್ಯಾಪಾರಿಗಳು ಇದನ್ನು ದಾಲ್ಚಿನ್ನಿಯ ಮೊಗ್ಗು ಎನ್ನುತ್ತಾರೆ. ಅದು ಮೊಗ್ಗೋ, ಹೂವೋ, ಕಾಯೋ? ಅಡಿಗೆಗೆ ಈ ಪ್ರಶ್ನೆ ಅನಾವಶ್ಯಕವೆಂದು ತೋರಬಹುದು. ಕಾಡಿಗೆ ಇದು ಅನಾವಶ್ಯಕವಲ್ಲ. ಉತ್ತರವನ್ನು ತಿಳಿಯಬೇಕಾದರೆ ಆ ಹೂವಿನ ರಚನೆಯನ್ನೂ, ಮನುಷ್ಯನು ಅದನ್ನು ಕಂಡುಕೊಂಡ ಚರಿತ್ರೆಯನ್ನೂ ಸ್ವಲ್ಪ ಹಿಂದಿನಿಂದ ನೋಡಬೇಕು.

ವಿಚಿತ್ರವೇನೆಂದರೆ, ಚಕ್ಕೆಯು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ದೇಶದೇಶಗಳಲ್ಲಿ ಸಂಚರಿಸಿತು. ಅದರ ಹೂವು ಮಾತ್ರ ಕಾಡಿನಲ್ಲಿಯೇ ಉಳಿಯಿತು. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ದಾಲ್ಚಿನ್ನಿಯ ಕಡ್ಡಿಗಳನ್ನು ದೊಡ್ಡ ಹಕ್ಕಿಗಳು ಎಲ್ಲಿಂದಲೋ ತಂದು ಕಡಿದಾದ ಬೆಟ್ಟದಲ್ಲಿ ಗೂಡು ಕಟ್ಟುವುವೆಂದೂ, ಅರಬರು ಮಾಂಸದ ದೊಡ್ಡ ತುಂಡುಗಳನ್ನು ಇಟ್ಟು, ಅವನ್ನು ಹೊತ್ತೊಯ್ದ ಹಕ್ಕಿಗಳ ಗೂಡು ಭಾರಕ್ಕೆ ಮುರಿದು ಬಿದ್ದಾಗ ಕಡ್ಡಿಗಳನ್ನು ಆಯ್ದುಕೊಳ್ಳುವರೆಂದೂ ಬರೆದಿಟ್ಟಿದ್ದಾನೆ. ಸರಕು ಎಲ್ಲಿಂದ ಬಂದಿತೆಂಬುದನ್ನು ಕೊಳ್ಳುವವನಿಗೆ ಹೇಳದಿರುವುದು ವ್ಯಾಪಾರಿಯ ಹಳೆಯ ವಿದ್ಯೆ.

ನಮ್ಮ ಸೀಮೆಯಲ್ಲಿಯೂ ಇದೇ ಸ್ಥಿತಿಯಿದ್ದಿತು. 12ನೆಯ ಶತಮಾನದಲ್ಲಿ ಕುರುಗೋಡು ಸಿಂದರ ಒಂದು ಶಾಖೆಯ ರಾಜಧಾನಿಯಾಗಿ ಬಲ್ಲಕುಂದೆನಾಡನ್ನು ಆಳಿತು. ಅನಂತರ ಅದಕ್ಕೆ ಸಮೀಪದಲ್ಲಿಯೇ ವಿಜಯನಗರವು ತಲೆಯೆತ್ತಿತು. 16ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ಪೋರ್ಚುಗೀಸರ ದುವಾರ್ಟೆ ಬಾರ್ಬೋಸನು ಆ ರಾಜಧಾನಿಯ ಪೇಟೆಯಲ್ಲಿ ಶ್ರೀಗಂಧ, ಅಗರು, ಕರ್ಪೂರ, ಕಸ್ತೂರಿಗಳು ಹೇರಳವಾಗಿ ಮಾರಾಟವಾಗುವುದನ್ನು ಹೇಳಿ, ಮಲೆಯಾಳದಿಂದ ಮೆಣಸನ್ನು ಕತ್ತೆಗಳ ಮೇಲೆಯೂ ಹೇರೆತ್ತುಗಳ ಮೇಲೆಯೂ ತರುವರೆಂದು ತಿಳಿಸುತ್ತಾನೆ. ಘಟ್ಟವನ್ನು ಹತ್ತಿ ಬಯಲಿಗೆ ಬಂದ ಹೇರಿನಲ್ಲಿ ಕಾಳು, ತೊಗಟೆ, ಎಲೆಗಳು ಇರಬಹುದು. ಒಂದು ದಿನ ಅರಳಿ ಮರುದಿನ ಬಾಡುವ, ಒಂದು ಗೋದಿಯ ಕಾಳಿನಷ್ಟು ಹೂವು ಇರಲಾರದು. ಬಯಲುಸೀಮೆಯವರು ಆ ಮರವನ್ನು ಮೂಗಿನಿಂದ ಬಲ್ಲವರಾಗಿದ್ದರು, ಕಣ್ಣಿನಿಂದಲ್ಲ.

ಕಣ್ಣಿನ ಕೆಲಸವು ಪಶ್ಚಿಮದ ಕರಾವಳಿಯಲ್ಲಿ ಆರಂಭವಾಯಿತು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ ಪ್ರಾಚೀನರ ಕಟ್ಟುಕತೆಗಳನ್ನು ಅಲ್ಲಗಳೆದನು. ಅನಂತರ ಕೊಚ್ಚಿಯ ಡಚ್ಚರ ಅಧಿಕಾರಿಯಾದ ವಾನ್ ರೀಡನು ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟಪಡಿಸಿದನು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಇದಕ್ಕೆ ನೆರವಾದವರು. ಇದರ ಮೊದಲನೆಯ ಸಂಪುಟದಲ್ಲಿಯೇ ದಾಲ್ಚಿನ್ನಿಯ ಮರವು ‘ಕರುವಾ’ ಎಂಬ ಮಲೆಯಾಳದ ಹೆಸರಿನಲ್ಲಿ ಚಿತ್ರಸಹಿತವಾಗಿ ಬಂದಿದೆ.

1753ರಲ್ಲಿ ಸ್ವೀಡನ್ನಿನ ಲಿನೇಯಸನು ಸಸ್ಯಗಳನ್ನೆಲ್ಲ ಕೇಸರಗಳ ಎಣಿಕೆಯ ಮೇಲೆ ವಿಂಗಡಿಸಿದಾಗ ದಾಲ್ಚಿನ್ನಿ, ಕರ್ಪೂರ, ಬೆಣ್ಣೆಹಣ್ಣು, ಇವು ಮೂರನ್ನೂ ಗ್ರೀಕರ ಲಾರೆಲ್ಲಿನ ಜೊತೆಗೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಒಂದರಲ್ಲಿ ತೊಗಟೆ ಬೆಲೆಯುಳ್ಳದ್ದು, ಒಂದರಲ್ಲಿ ಮರದ ಸಾರ, ಒಂದರಲ್ಲಿ ಹಣ್ಣು. ಅಂಗಡಿಯಲ್ಲಿ ಇವು ಎಂದೂ ನೆಂಟರಲ್ಲ. ಹೂವಿನಲ್ಲಿ ನೆಂಟರು. ಈ ವರ್ಗಕ್ಕೆ ಒಂಬತ್ತು ಕೇಸರ, ಒಂದು ಶಲಾಕೆ ಎಂಬುದು ಲಕ್ಷಣ. ಲಿನೇಯಸನು ತನ್ನ ಪದ್ಧತಿಯನ್ನು ವಿವರಿಸುವಾಗ ಕೇಸರಗಳನ್ನು ಗಂಡಂದಿರೆಂದೂ ಶಲಾಕೆಯನ್ನು ಹೆಂಡತಿಯೆಂದೂ ಕರೆದು, ಒಬ್ಬಳಿಗೆ ಒಂಬತ್ತು ಮಂದಿ ಎಂದುಬಿಟ್ಟನು. ಯೂರೋಪಿನ ಕೆಲವು ಪಂಡಿತರಿಗೆ ಇದು ಮಹಾ ಅಸಭ್ಯವೆನಿಸಿ, ಸೀಗೆಸ್‌ಬೆಕ್ ಎಂಬವನು 1737ರಲ್ಲಿ ದೇವರ ಸೃಷ್ಟಿಯಲ್ಲಿ ಇಂತಹ ಅನಾಚಾರ ನಡೆಯಲಾರದೆಂದು ಖಂಡಿಸಿ ಬರೆದನು. ದ್ರೌಪದಿಯ ಕಥೆಯನ್ನು ತೊಟ್ಟಿಲಲ್ಲಿಯೇ ಕೇಳಿ ಬೆಳೆದ ನಾವು ಇಷ್ಟಕ್ಕೆ ಬೆಚ್ಚಿಬೀಳುತ್ತಿರಲಿಲ್ಲವೇನೋ.

ಇನ್ನು ಆ ಹೂವನ್ನು ಹತ್ತಿರದಿಂದ ನೋಡೋಣ. ಈ ಮರಗಳ ಹೂವಿಗೆ ಮೂರು ಎಂಬುದೇ ಲೆಕ್ಕ. ಹೊರಗೆ ಮೂರು ಎಸಳು, ಅದರ ಒಳಗೆ ಮೂರು ಎಸಳು. ಎರಡು ಸುತ್ತೂ ನೋಟಕ್ಕೆ ಒಂದೇ ತೆರ, ಬಿಳಿಯೋ ಹಳದಿಮಿಶ್ರ ಹಸುರೋ ಆದ ಬಣ್ಣ. ಎಸಳುಗಳ ಒಳಗೆ ಮೂರು ಮೂರರಂತೆ ಮೂರು ಸುತ್ತು ಕೇಸರಗಳು, ಒಟ್ಟು ಒಂಬತ್ತು. ಹೊರಗಿನ ಎರಡು ಸುತ್ತಿನ ಆರು ಕೇಸರಗಳು ಹೂವಿನ ನಡುವಿಗೆ ಮುಖಮಾಡಿರುವುವು. ಮೂರನೆಯ ಸುತ್ತಿನ ಮೂರು ಮಾತ್ರ ಸಾಮಾನ್ಯವಾಗಿ ಬೆನ್ನುಹಾಕಿ ಹೊರಕ್ಕೆ ನೋಡುವುವು. ಅವುಗಳ ಬುಡದಲ್ಲಿ ಎರಡೆರಡು ಹಳದಿಯ ಗ್ರಂಥಿಗಳು. ಅದಕ್ಕೂ ಒಳಗೆ ನಾಲ್ಕನೆಯ ಸುತ್ತೊಂದುಂಟು. ಅಲ್ಲಿನ ಮೂರು ಕೇಸರಗಳು ಪರಾಗವನ್ನು ಬಿಟ್ಟುಕೊಟ್ಟು, ಬಾಣದ ಮೊನೆಯಂತಹ ಬಂಜೆಕೇಸರಗಳಾಗಿ ಮಕರಂದವನ್ನು ಒಸರುವುವು. ಲಿನೇಯಸನ ಒಂಬತ್ತು, ನಿಜವಾಗಿ ನೋಡಿದರೆ, ಹನ್ನೆರಡರಲ್ಲಿ ಉಳಿದ ಒಂಬತ್ತು.

ಪರಾಗಕೋಶವು ತೆರೆಯುವ ಬಗೆಯೂ ನೋಡತಕ್ಕದ್ದು. ಹೆಚ್ಚಿನ ಹೂಗಳಲ್ಲಿ ಪರಾಗಕೋಶವು ಉದ್ದಕ್ಕೆ ಸೀಳುತ್ತದೆ. ಇಲ್ಲಿ ಹಾಗಲ್ಲ. ಕೋಶದ ಮುಖದಲ್ಲಿ ಎರಡು ಅಥವಾ ನಾಲ್ಕು ಪುಟ್ಟ ಕದಗಳಿರುವುವು. ಪಕ್ವವಾದಾಗ ಆ ಕದವು ಕೆಳಗಿನಿಂದ ಬಿಟ್ಟುಕೊಂಡು ಮೇಲಕ್ಕೆ ಮಗುಚುವುದು, ಅಂಗಡಿಯವನು ಬೆಳಗ್ಗೆ ಎತ್ತಿ ಕಟ್ಟುವ ತಟ್ಟಿಯ ಹಾಗೆ. ಮಗುಚುವಾಗ ಅಂಟಿನಂತಿರುವ ಪರಾಗವನ್ನು ತನ್ನ ಬೆನ್ನಿಗೆ ಹಚ್ಚಿಕೊಂಡು ಮೇಲಕ್ಕೊಯ್ದು ನೊಣ, ಜೇನುಹುಳುಗಳ ಮೈಗೆ ತಾಗುವಂತೆ ಹಿಡಿಯುವುದು.

ಈ ಅಂಶಗಳನ್ನೆಲ್ಲ ಒಟ್ಟುಗೂಡಿಸಿ ಜರ್ಮನಿಯ ನೀಸ್ ಫಾನ್ ಎಸೆನ್‌ಬೆಕ್ 1836ರಲ್ಲಿ ಈ ಕುಟುಂಬದ ಮೇಲೆ ಒಂದು ಪೂರ್ಣಗ್ರಂಥವನ್ನು ಬರೆದನು. ದಕ್ಷಿಣ ಭಾರತದಲ್ಲಿ ರಾಬರ್ಟ್ ವೈಟ್ 1838ರಿಂದ 1853ರ ವರೆಗೆ ಪ್ರಕಟಿಸಿದ ಸಚಿತ್ರ ಸಂಪುಟಗಳಲ್ಲಿ ಇಲ್ಲಿನ ಸಸ್ಯಗಳ ಅಂಗಾಂಗಗಳನ್ನು ಬಿಡಿಸಿ ತೋರಿಸಿದನು. ಅವನಿಗಾಗಿ ಕುಂಚವನ್ನು ಹಿಡಿದವರು ರಂಗಯ್ಯ, ಗೋವಿಂದು ಎಂಬ ನಮ್ಮ ದೇಶದ ಚಿತ್ರಗಾರರು. ವೈಟನ ಕೀರ್ತಿ ದೊಡ್ಡದು, ಯೋಗ್ಯವಾದದ್ದು. ಆದರೆ ಕೂದಲೆಳೆಯಷ್ಟು ಸಣ್ಣದಾದ ಕೇಸರಗಳನ್ನು ತಪ್ಪಿಲ್ಲದೆ ಎಣಿಸಿ ಕಾಗದಕ್ಕಿಳಿಸಿದ ಕಣ್ಣುಗಳು ಯಾರವು ಎಂಬುದನ್ನು ನಾವು ಮರೆಯಲಾಗದು. ಬಳ್ಳಾರಿಯು 1953ರ ಅಕ್ಟೋಬರ್ 1ರ ವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, ಈ ಸೀಮೆಯ ಗಿಡಮರಗಳ ಪಟ್ಟಿಯು 1915ರಿಂದ 1936ರ ವರೆಗೆ ಗ್ಯಾಂಬಲ್ ಮತ್ತು ಫಿಷರ್ ಎಂಬವರು ಹೊರತಂದ ಮದರಾಸು ಪ್ರಾಂತದ ಸಸ್ಯಗ್ರಂಥದಲ್ಲಿ ಅಡಕವಾಗಿದೆ.

ರಚನೆಯನ್ನು ತಿಳಿದದ್ದಾಯಿತು, ಹೂವಿನ ನಡತೆಯನ್ನು ತಿಳಿಯಲು 20ನೆಯ ಶತಮಾನವೇ ಬರಬೇಕಾಯಿತು. ಇಲ್ಲಿ ಒಬ್ಬ ಭಾರತೀಯನ ಹೆಸರು ಮೊದಲು ಬರುತ್ತದೆ. ಬಿ. ಎಸ್. ನಿರೋಡಿ ಎಂಬವರು ಅಮೆರಿಕದಲ್ಲಿ ಬೆಣ್ಣೆಹಣ್ಣಿನ ಹೂಗಳನ್ನು ಗಮನಿಸಿ 1922ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಮಾರನೆಯ ವರ್ಷ ಸ್ಟೌಟ್ ಎಂಬ ವಿಜ್ಞಾನಿ ಅದನ್ನು ವಿಸ್ತರಿಸಿದನು. ಅವರು ಕಂಡದ್ದು ಇದು: ಒಂದೊಂದು ಹೂವೂ ಎರಡು ಸಲ ಅರಳುತ್ತದೆ. ಮೊದಲ ಸಲ ಅರಳಿದಾಗ ಅದು ಹೆಣ್ಣು. ಶಲಾಕೆಯ ತುದಿ ಪರಾಗಕ್ಕೆ ಸಿದ್ಧವಾಗಿರುವುದು, ಪರಾಗಕೋಶದ ಕದಗಳು ಮುಚ್ಚಿರುವುವು, ಮಕರಂದವು ಬಂಜೆಕೇಸರಗಳಿಂದ ಬರುವುದು. ಕೆಲವು ಗಂಟೆಗಳ ಮೇಲೆ ಹೂವು ಮುಚ್ಚಿಕೊಳ್ಳುವುದು. ಮರುದಿನ ಅದೇ ಹೂವು ಮತ್ತೆ ಅರಳಿದಾಗ ಗಂಡು. ಈಗ ಕದಗಳು ಎತ್ತಿಕೊಳ್ಳುವುವು, ಮಕರಂದವು ಮೂರನೆಯ ಸುತ್ತಿನ ಗ್ರಂಥಿಗಳಿಂದ ಒಸರುವುದು. ಇದಕ್ಕಿಂತಲೂ ಆಶ್ಚರ್ಯವೆಂದರೆ ಮರಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದ ಮರದಲ್ಲಿ ಹೂವು ಬೆಳಗ್ಗೆ ಹೆಣ್ಣಾಗಿ ಅರಳಿ ಮರುದಿನ ಮಧ್ಯಾಹ್ನ ಗಂಡಾಗುವುದು. ಇನ್ನೊಂದರಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಗ್ಗೆ ಗಂಡು. ಒಂದರ ಹೆಣ್ಣುಹೊತ್ತು ಇನ್ನೊಂದರ ಗಂಡುಹೊತ್ತಿಗೆ ಸರಿಯಾಗಿ ಕೂಡುವುದು. ದಾಲ್ಚಿನ್ನಿಯಲ್ಲಿಯೂ ಈ ಎರಡು ಪಂಗಡಗಳ ವ್ಯವಸ್ಥೆಯನ್ನು ಆಮೇಲಿನವರು ಕಂಡಿದ್ದಾರೆ. ಒಂಟಿಮರವು ಎಷ್ಟೇ ಹೂಬಿಟ್ಟರೂ ಕಾಯಿ ಹಿಡಿಯಲು ಕಷ್ಟಪಡುವುದರ ಒಂದು ಕಾರಣ ಇಲ್ಲಿದೆ. ಬೆಣ್ಣೆಹಣ್ಣಿನ ಮರದಲ್ಲಂತೂ ಸಾವಿರ ಹೂವಿಗೆ ಒಂದು ಹಣ್ಣು ನಿಂತರೆ ಅದೇ ಹೆಚ್ಚು.

ಹೂವಿನ ನಡುವೆ ಇರುವ ಅಂಡಾಶಯದ ವಿಷಯದಲ್ಲಿ ಬಹುಕಾಲ ವಾದವು ನಡೆಯಿತು. ಎಲ್ಲವೂ ಮೂರರ ಲೆಕ್ಕವಾಗಿರುವ ಹೂವಿನಲ್ಲಿ ಇದೊಂದೇ ಏಕೆ ಒಂಟಿ? ಮೂರು ಸೇರಿ ಒಂದಾಗಿರಬೇಕೆಂದು ಕೆಲವರು, ಮೊದಲಿನಿಂದಲೂ ಒಂದೇ ಎಂದು ಕೆಲವರು. ಡಿ.ವಿ.ಜಿ. ಅವರ ಪುತ್ರರಾದ ನಮ್ಮ ಬಿ. ಜಿ. ಎಲ್. ಸ್ವಾಮಿಯವರು ಹಾರ್ವರ್ಡಿನ ಬೇಲಿಯವರೊಡನೆ 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂಡಾಶಯವೆಂಬುದು ಮೂಲತಃ ನಡುನರದ ಉದ್ದಕ್ಕೆ ಮಡಿಸಿದ ಎಲೆಯಂತಹ ಅಂಗವೆಂದು ಪ್ರಾಚೀನ ಲಕ್ಷಣದ ಮರಗಳ ಆಧಾರದಿಂದ ತೋರಿಸಿದರು. ಅವರು ದಾಲ್ಚಿನ್ನಿಯನ್ನು ಕುರಿತೇ ಬರೆದವರಲ್ಲ; ಆದರೆ ಈ ಬೆಳಕಿನಲ್ಲಿ ಇದನ್ನು ನೋಡುವುದು ಸುಲಭವಾಯಿತು. 1952ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆರ್. ಎಲ್. ಎನ್. ಶಾಸ್ತ್ರಿಯವರು ಕಾಡುದಾಲ್ಚಿನ್ನಿಯ ಹೂವನ್ನು ತೆಳುವಾಗಿ ಕೊಯ್ದು ಅದರ ನರಗಳ ಹರಿವನ್ನು ಸುತ್ತುಸುತ್ತಾಗಿ ವಿವರಿಸಿ, ಈ ಕುಟುಂಬದ ಮೇಲೆ ಒಂದು ಲೇಖನಮಾಲೆಯನ್ನೇ ಆರಂಭಿಸಿದರು. ಈಗಿನವರು ಮೊಳೆಯುವ ಮೊಗ್ಗನ್ನು ಸೂಕ್ಷ್ಮದರ್ಶಕದಲ್ಲಿ ಹೆಜ್ಜೆಹೆಜ್ಜೆಯಾಗಿ ನೋಡಿ, ಅಂಡಾಶಯವು ಒಂದೇ ಮಡಿಕೆಯಾಗಿ ಹುಟ್ಟುವುದೆಂಬುದನ್ನು ಹೆಚ್ಚಾಗಿ ಒಪ್ಪುತ್ತಾರೆ. ನಮ್ಮ ವಿಷಯಕ್ಕೆ ಬೇಕಾದುದು ಇದು: ಆ ಅಂಡಾಶಯದೊಳಗೆ ಮೇಲಿನಿಂದ ಜೋತುಬಿದ್ದಿರುವ ಅಂಡಕವು ಒಂದೇ ಒಂದು. ಒಂದು ಹೂವಿಗೆ ಒಂದು ಕಾಯಿ. ಒಂದು ಕಾಯಿಗೆ ಒಂದು ಬೀಜ.

ಎಸಳುಗಳೂ ಕೇಸರಗಳೂ ಹುಟ್ಟುವ ಪೀಠವು ಈ ಹೂವಿನಲ್ಲಿ ಚಪ್ಪಟೆಯಾಗಿರದೆ ಸಣ್ಣ ಬಟ್ಟಲಿನಂತೆ ಕುಳಿತಿದೆ. ಅಂಡಾಶಯವು ಆ ಬಟ್ಟಲಿನ ತಳದಲ್ಲಿರುವುದು. ಹೂವಿನ ಕೆಲಸ ಮುಗಿದ ಮೇಲೆ ಕೇಸರಗಳು ಬಾಡುವುವು. ಬಟ್ಟಲು ಬಾಡುವುದಿಲ್ಲ; ಕಾಯಿಯ ಜೊತೆಗೆ ತಾನೂ ಬೆಳೆದು ದಪ್ಪವಾಗುವುದು. ದಾಲ್ಚಿನ್ನಿಯ ಹಲವು ಜಾತಿಗಳಲ್ಲಿ ಎಸಳುಗಳ ಮೇಲಿನ ಅರ್ಧವು ಕಳಚಿಬಿದ್ದು, ಕೆಳಗಿನ ಅರ್ಧವು ಬಟ್ಟಲಿನ ಅಂಚಿನಲ್ಲಿ ಆರು ಹಲ್ಲುಗಳಂತೆ ನಿಲ್ಲುವುದು. ಈ ವಿಷಯದಲ್ಲಿ ಕುಟುಂಬದೊಳಗೆ ಒಮ್ಮತವಿಲ್ಲ: ಗುಳಮಾವಿನಲ್ಲಿ ಬಟ್ಟಲು ಬೆಳೆಯದೆ ಎಸಳುಗಳೇ ಉಳಿದು ಕಾಯಿಯ ಬುಡದಲ್ಲಿ ಹಿಂದಕ್ಕೆ ಮಡಿಸಿಕೊಳ್ಳುವುವು, ಬೆಣ್ಣೆಹಣ್ಣಿನಲ್ಲಿ ಎರಡೂ ಇಲ್ಲ.

ಈಗ ಅಂಗಡಿಯ ಕಾಳಿಗೆ ಬರೋಣ. ಬಳ್ಳಾರಿಯ ಕಾಲೇಜಿನ ಹುಡುಗನಾಗಲಿ ಸಿರುಗುಪ್ಪದ ಪಾಠಶಾಲೆಯ ಉಪಾಧ್ಯಾಯರಾಗಲಿ ಮಲೆನಾಡಿಗೆ ಹೋಗದೆ ಮಾಡಬಹುದಾದ ಪರೀಕ್ಷೆ ಇದು. ಕಪ್ಪು ನಾಗಕೇಸರದ ನಾಲ್ಕಾರು ಕಾಳುಗಳನ್ನು ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗ್ಗೆ ಕ್ಷೌರದ ಅಲಗಿನಿಂದ ತೊಟ್ಟಿನಿಂದ ತುದಿಯ ವರೆಗೆ ಸೀಳಿ, ಒಂದು ಭೂತಗನ್ನಡಿಯ ಕೆಳಗೆ ಹಿಡಿಯಬೇಕು. ಮೊಗ್ಗಾಗಿದ್ದರೆ ಒಳಗೆ ಒಂಬತ್ತು ಕೇಸರಗಳು ಮುದುಡಿ ಕುಳಿತಿರಬೇಕಾಗಿತ್ತು. ಅವು ಕಾಣುವುದಿಲ್ಲ. ಕಾಣುವುದು ಸುತ್ತಲೂ ದಪ್ಪವಾದ ಬಟ್ಟಲು, ಅದರ ಅಂಚಿನಲ್ಲಿ ಎಸಳಿನ ಮೊಂಡುಗಳು, ಬಟ್ಟಲಿನೊಳಗೆ ಅರ್ಧ ಮುಳುಗಿದ ಒಂದು ಎಳೆಗಾಯಿ. ಮೊಗ್ಗೆಂದು ಕರೆಯುವುದು ಬಾಯಭ್ಯಾಸ. ಹೂವು ಅರಳಿ, ಗಂಡುಹೆಣ್ಣಿನ ಎರಡು ದಿನಗಳನ್ನು ಕಳೆದು, ಪರಾಗವನ್ನು ಪಡೆದು, ಬೀಜವನ್ನು ಕಟ್ಟಲಾರಂಭಿಸಿದ ಮೇಲೆ ಕೊಯ್ದದ್ದು ಇದು.

ಕೊಯ್ಯುವವರಿಗೂ ಕಾಡಿಗೂ ಈ ವ್ಯತ್ಯಾಸವು ದೊಡ್ಡದು. ಎಲೆಯನ್ನು ಹಿತಮಿತವಾಗಿ ಕೊಯ್ದರೆ ಮರವು ಮತ್ತೆ ಚಿಗುರುವುದು. ಬುಡದಿಂದ ಎದ್ದ ಚಿಗುರುಗಳನ್ನು ಸರದಿಯ ಮೇಲೆ ಕಡಿದು ಚಕ್ಕೆಯನ್ನು ತೆಗೆಯುವ ತೋಟಗಳಲ್ಲಿ ಗಿಡ ಬಹುಕಾಲ ಬಾಳುವುದು. ಕಾಳಿನ ಮಾತು ಹಾಗಲ್ಲ. ಪಶ್ಚಿಮ ಘಟ್ಟದ ಕಾಡುದಾಲ್ಚಿನ್ನಿಯ ಮರಗಳಿಂದ ಈ ಎಳೆಗಾಯಿಗಳನ್ನು ಕೊಯ್ದು ಒಣಗಿಸಿ ಮಾರುವುದು ಕಾಡಂಚಿನವರ ಹಳೆಯ ಜೀವನೋಪಾಯ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅಸಂಖ್ಯವಾಗಿ ಉದುರಿಹೋದ ಹೂಗಳ ನಡುವೆ ಉಳಿದು ನಿಂತ ಕಾಯನ್ನೇ ಆಯ್ದು ಕೊಯ್ಯುವುದರಿಂದ, ಒಂದು ಸೇರು ನಾಗಕೇಸರದಲ್ಲಿ ಎಷ್ಟು ಕಾಳುಗಳಿವೆಯೋ ಅಷ್ಟು ಬೀಜಗಳು ಮಂಗಟ್ಟೆ ಹಕ್ಕಿಗೂ ಕಾಡುಪಾರಿವಾಳಕ್ಕೂ ನೆಲಕ್ಕೂ ಇಲ್ಲವಾದುವೆಂದು ಲೆಕ್ಕ ಹಾಕಬೇಕು. ದಾಲ್ಚಿನ್ನಿಯ ಬೀಜವು ರಾಗಿಯಂತೆ ಕಣಜದಲ್ಲಿ ಕಾಯುವ ಜಾತಿಯದೂ ಅಲ್ಲ; ಒಣಗಿದರೆ ಕ್ರಮೇಣ ಕೆಲವು ವಾರಗಳೊಳಗಾಗಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಕೊಯ್ಲಿನ ಸುಲಭಕ್ಕೆ ಕೊಂಬೆಯನ್ನೇ ಕಡಿದು ಕೆಡಹುವ ಕಡೆ ನಷ್ಟವು ಇಮ್ಮಡಿ, ಮುಂದಿನ ವರ್ಷದ ಹೂವೂ ಆ ಕೊಂಬೆಯ ಜೊತೆಗೇ ಹೋಗುವುದು. ಕೆಲವು ಮರಗಳನ್ನು ಬೀಜಕ್ಕಾಗಿ ಕೊಯ್ಯದೆ ಬಿಡಬೇಕು, ಅದರಲ್ಲಿಯೂ ಎರಡು ಪಂಗಡದ ಮರಗಳೂ ಹತ್ತಿರದಲ್ಲಿ ಉಳಿಯಬೇಕು ಎಂಬ ನಿಯಮವನ್ನು ಮಾಡುವವರಿಗೆ ಹೂವಿನ ಈ ಎರಡು ದಿನದ ಬಾಳು ತಿಳಿದಿರಬೇಕಾದುದು ಅವಶ್ಯ. ನಾವು ಬಯಲುಸೀಮೆಯವರು ಕೊಳ್ಳುವವರು. ನಮ್ಮ ಅಂಗಡಿಯ ಬೇಡಿಕೆಯೇ ಅಲ್ಲಿನ ಕುಡುಗೋಲು.

ಒಣ ನೆಲದಲ್ಲಿ ಈ ಕುಟುಂಬದ ಹೂವು ಜೀವಂತವಾಗಿ ಕಾಣಸಿಗುವುದೇ ಇಲ್ಲವೆಂದು ಮೊದಲು ಹೇಳಿದಂತೆ ತೋರಿತಷ್ಟೆ. ಅದಕ್ಕೊಂದು ಅಪವಾದವುಂಟು, ಅದು ಮರವಲ್ಲ. ಪೊದೆಗಳ ಮೇಲೆ ಎಲೆಯಿಲ್ಲದೆ ಹಸುರು, ಹಳದಿಯ ದಾರಗಳಂತೆ ಹಬ್ಬಿ, ಆಶ್ರಯ ಕೊಟ್ಟ ಗಿಡದ ರಸವನ್ನೇ ಹೀರಿ ಬದುಕುವ ಬಳ್ಳಿಯನ್ನು ಜನರು ಆಕಾಶಬಳ್ಳಿ ಎನ್ನುವರು. ಈ ಹೆಸರೂ ನಾಗಕೇಸರದಂತೆ ಮೋಸದ ಹೆಸರು. ಇದರ ಹಿಂದೆ ಎರಡು ಬೇರೆ ಬಳ್ಳಿಗಳಿವೆ. ಅವುಗಳಲ್ಲಿ ಕ್ಯಾಸಿತಾ ಎಂಬುದನ್ನು ರಾಬರ್ಟ್ ಬ್ರೌನನು 1810ರಲ್ಲಿಯೇ ಲಾರೆಲ್ಲಿನ ಕುಟುಂಬದಲ್ಲಿ ಇರಿಸಿದ್ದನು. ಆಕಾರದಲ್ಲಿ ಅದಕ್ಕೂ ದಾಲ್ಚಿನ್ನಿಯ ಮರಕ್ಕೂ ಯಾವ ಹೋಲಿಕೆಯೂ ಇಲ್ಲ. ಶಾಸ್ತ್ರಿಯವರು 1952ರಲ್ಲಿ ದಾಲ್ಚಿನ್ನಿಯ ಜೊತೆಗೆ ಕೊಯ್ದು ನೋಡಿದ ಇನ್ನೊಂದು ಹೂವು ಇದರದೇ. ಕುರುಗೋಡಿನ ಗುಡ್ಡದ ಸುತ್ತಲಾಗಲಿ ಬಳ್ಳಾರಿಯ ಕೋಟೆಯ ಬೆಟ್ಟದ ಕೆಳಗಾಗಲಿ ಪೊದೆಯ ಮೇಲೆ ಇಂತಹ ಬಳ್ಳಿಯೊಂದು ಕಂಡುಬಂದರೆ, ಅದರ ಕಾಳಿನಂತಹ ಹೂವೊಂದನ್ನು ಕಿತ್ತು, ಭೂತಗನ್ನಡಿಯ ಕೆಳಗೆ ಸೂಜಿಯಿಂದ ಬಿಡಿಸಿ ಎಣಿಸಬಹುದು. ಕೇಸರಗಳು ಐದಿದ್ದರೆ ಅದು ಗೆಣಸಿನ ಕುಟುಂಬದ ಬಳ್ಳಿ. ಒಂಬತ್ತಿದ್ದು, ಪರಾಗಕೋಶಕ್ಕೆ ಮೇಲಕ್ಕೆ ಮಗುಚುವ ಕದಗಳಿದ್ದರೆ, ಅದು ಚಕ್ಕೆಯ ಮರದ ನಂಟು.